ಲಾನ್ ರೆಂಡರ್ ಮಾಡಿದ್ರ ಪೆಂಡಾಲ್ ಮ್ಯಾಟ್ ಹಂಗ ಕಾಣ್ಲಾಕತ್ತದ, ಏನ್ ಮಾಡ್ಲಿ?

ಎಲಿವೇಷನ್_ಹುಡುಗ (ಕಲಬುರಗಿ):
ನಮಸ್ಕಾರ್ರಿ ಎಲ್ಲರಿಗೂ. ಸೇಡಂ ರೋಡ್ ಕಡೆ ಒಂದ್ ಮನಿ ಎಲಿವೇಷನ್ (ಮುಂಭಾಗದ ಚಿತ್ರ) ಮಾಡ್ಲಾಕತ್ತೀನಿ, ಬ್ಲೆಂಡರ್ ಅನ್ನೂ 3ಡಿ ಸಾಫ್ಟ್‌ವೇರಿನಾಗ, ಮಾಡೆಲ್‌ನ್ನ ಫೋಟೋದಂಗ ಚಿತ್ರ ಮಾಡೂ (ರೆಂಡರ್) ಅದರ ಸೈಕಲ್ಸ್‌ನ್ಯಾಗ. ಮನಿ ಛಲೋ ಬಂದದ, ಗ್ಲಾಸು, ಕಲ್ಲು ಎಲ್ಲಾ ಓಕೆ, ಆದ್ರ ಮುಂದಿನ ಲಾನ್ ಹಾಕಿದ ಕೂಡ್ಲೇ ಎಲ್ಲಾ ಕೆಡ್ತದ. ಸಪಾಟು ನೆಲದ (ಪ್ಲೇನ್) ಮ್ಯಾಲ ಕೂದಲಿನಂಗ ಎಳಿ ಬೆಳೆಸೂ ಹೇರ್ ಪಾರ್ಟಿಕಲ್ ಹಾಕಿ 2 ಲಕ್ಷ ಎಳಿ ಕೊಟ್ಟೀನಿ, ಅಷ್ಟಾದ್ರೂ ಮಾಲಕರು ನೋಡಿ "ಏನಪಾ, ಮದುವಿ ಪೆಂಡಾಲ್ ಮ್ಯಾಟ್ ಹಾಸಿದಿ ಏನು" ಅಂದ್ರು. ಗ್ರಾಫಿಕ್ಸ್ ಕಾರ್ಡ್ ಮೆಮರಿ 6 ಜಿಬಿದು, ಇನ್ನಾ ಎಳಿ ಹೆಚ್ಚ ಮಾಡಿದ್ರ ಬ್ಲೆಂಡರೇ ಬಂದ್ ಆಗ್ತದ.

ಫರಸಿ_ಕಲ್ಲು (ಕಲಬುರಗಿ):
ಎಳಿ ಹೆಚ್ಚ ಮಾಡೂದ್ರಾಗ ಏನೂ ಇಲ್ಲ ತಮ್ಮಾ. ಮುಂಜಾನಿ ಪಬ್ಲಿಕ್ ಗಾರ್ಡನ್‌ಗೆ ಹೋಗು, ಮೊಬೈಲ್ ನೆಲಕ್ಕ ಹಚ್ಚಿ ಕರಕಿದು ಒಂದ್ ಫೋಟೋ ತಗಿ. ಒಂದೊಂದೇ ಎಳಿ ನೆಟ್ಟಗ ನಿಂತಿರಂಗಿಲ್ಲ, ಗುಂಪು ಗುಂಪಾಗಿ ಇರ್ತದ, ಕೆಲವು ಮಲಗಿರ್ತಾವ, ನಡುನಡುವ ಒಣಗಿದ ಕಡ್ಡಿ, ತಳದಾಗ ಮಣ್ಣು. ಅದನ್ನೇ ಮಾಡು. ಅಂಗೈ ಅಗಲದ ಗುಂಪು 5-6 ತರದ್ದು ಮಾಡ್ಕೊ, ಬ್ಲೆಂಡರಿನ ಜಿಯೊಮೆಟ್ರಿ ನೋಡ್ಸ್‌ನ್ಯಾಗ ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್ (ಒಂದೇ ಗುಂಪನ್ನ ಮೆಮರಿ ತಿನ್ನದಂಗ ಭಾಳ ಕಡೆ ಇಡೂದು) ಹಾಕಿ ಚೆಲ್ಲು, ಸುತ್ತ 360 ಡಿಗ್ರಿ ರ್‍ಯಾಂಡಮ್ ತಿರುವು, ಸ್ಕೇಲ್ 0.6 ರಿಂದ 1.3 ತನಕ ಬಿಡು, ಡೆನ್ಸಿಟಿಗೆ (ದಟ್ಟಣಿಗೆ) ನಾಯ್ಸ್ ಟೆಕ್ಸ್ಚರ್ ಅನ್ನೂ ಏರುಪೇರಿನ ನಮೂನಿ ಕೊಟ್ರ ಅಲ್ಲಲ್ಲಿ ತೆಳ್ಳಗಾಗ್ತದ. ರಿಯಲೈಜ್ ಇನ್‌ಸ್ಟನ್ಸಸ್ ಮಾತ್ರ ಹಾಕಬ್ಯಾಡ, ಹಾಕಿದ್ರ ಪ್ರತಿ ಗುಂಪಿಂದೂ ಪೂರಾ ನಕಲು ಆಗಿ ಮೆಮರಿ ಎಲ್ಲಾ ನುಂಗ್ತದ.

ರಾತ್ರಿ_ರೆಂಡರ್ (ಬೀದರ್):
ಮ್ಯಾಲಿನವ್ರು ಹೇಳಿದ್ದು ಖರೆ ಅದ. ನಾ 3ಡಿಎಸ್ ಮ್ಯಾಕ್ಸ್ ಸಾಫ್ಟ್‌ವೇರ್, ಕರೋನಾ ರೆಂಡರರ್‌ನಾಗ ಮಾಡ್ತೀನಿ, ಅಲ್ಲಿನೂ ಸ್ಕ್ಯಾಟರ್ (ಚೆಲ್ಲೂ) ಕೆಲಸ ಇದೇ. ಆದ್ರ ಮಟೀರಿಯಲ್ ನೋಡ್ರಿ ಮೊದಲ. ಎಲಿ ತೆಳ್ಳಗ ಇರ್ತದಲ್ರಿ, ಹಿಂದಿಂದ ಬಿಸಲು ಬಿದ್ರ ಬೆಳಕು ತೂರಿ ಬರಬೇಕು. ಬರೇ ಡಿಫ್ಯೂಸ್ (ಮ್ಯಾಲಿಂದ ಬೆಳಕು ಚದುರಿಸೂದು) ಇದ್ರ ಪ್ಲಾಸ್ಟಿಕ್ ಕಂಡಂಗ. ಬ್ಲೆಂಡರ್‌ನ್ಯಾಗ ಟ್ರಾನ್ಸ್‌ಲ್ಯೂಸೆಂಟ್ ಶೇಡರ್ (ಬೆಳಕು ತೂರಿಸೂ ಮಟೀರಿಯಲ್) 0.3 ಅಷ್ಟು ಮಿಕ್ಸ್ ಮಾಡ್ರಿ, ಸೂರ್ಯನ ಕ್ಯಾಮೆರಾ ಬೆನ್ನಿಗೆ ಇಡಬ್ಯಾಡ್ರಿ, ಸಂಜಿ 5ರ ಬಿಸಲಿನಂಗ ಬಗಲಿಗೆ ಇಳಸ್ರಿ. ಬಣ್ಣ ಒಂದೇ ಇರಬಾರದು, ಗುಂಪಿಗೊಂದು ಬ್ಯಾರೆ ನಂಬರ್ ಕೊಡೂ ಆಬ್ಜೆಕ್ಟ್ ಇನ್ಫೋದ ರ್‍ಯಾಂಡಮ್‌ನ ಕಲರ್ ರ್‍ಯಾಂಪ್‌ಗೆ ಜೋಡಿಸಿದ್ರ ಗುಂಪಿಗೊಂದು ಬಣ್ಣ ಬರ್ತದ.

ಇನ್ನೊಂದು, ಅಂಚು. ಶಹಾಬಾದ್ ಫರಸಿ ಹಾಸಿದ್ದಿದ್ರ ಅದರ ಬಗಲಿಗೆ ಹುಲ್ಲು ಚಾಕುಲಿಂದ ಕೊಯ್ದಂಗ ನಿಲ್ಲಬಾರದು, ನಾಕೆಂಟ್ ಎಳಿ ಕಲ್ಲಿನ ಮ್ಯಾಲ ಬಾಗಿರಲಿ, ನಡುವ ಬಟ್ಟಿನಷ್ಟು ಎರಿ ಮಣ್ಣು ಕಾಣಲಿ. ನಾ ಇದಕ್ಕೇ ಅರ್ಧ ದಿನ ಕಳಿತೀನಿ, ಹುಲ್ಲಿಗಲ್ಲ.

ಬಿಸಲ_ನಾಡು (ಯಾದಗಿರಿ):
ಏಪ್ರಿಲ್ ತಿಂಗಳಾಗ ನಮ್ ಕಡೆ ಅಷ್ಟ್ ಹಸಿರು ಲಾನ್ ಯಾವ ಮನಿ ಮುಂದ ಅದ ಹೇಳ್ರಿ 😀 ಹಳದಿ ಕಲಸ್ರಿ, ತಾನೇ ರಿಯಲಿಸ್ಟಿಕ್ ಆಗ್ತದ.

ಎಲಿವೇಷನ್_ಹುಡುಗ:
ಅಣ್ಣಾವ್ರೇ ಭಾಳ ಥ್ಯಾಂಕ್ಸ್. ಗುಂಪು ಮಾಡಿ ಚೆಲ್ಲಿದೆ, ಮೆಮರಿ ಹಿಡೀತು. ಆದ್ರ ಪೂರಾ ಪ್ಲಾಟಿಗೆ ಹಾಕಿದ್ರ ಇನ್ನಾ ನಿಧಾನ ಅದ.

ಫರಸಿ_ಕಲ್ಲು:
ಪೂರಾ ಪ್ಲಾಟಿಗೆ ಯಾಕ? ಕ್ಯಾಮೆರಾ ಮುಂದಿನ 10 ಮೀಟರ್ ದಟ್ಟಗ ಹಾಕು, ಆಚೆ ತೆಳ್ಳಗ, ಅದರಾಚೆ ಬರೇ ಟೆಕ್ಸ್ಚರ್ (ನೆಲಕ್ಕ ಹಚ್ಚೂ ಹುಲ್ಲಿನ ಚಿತ್ರ) ಸಾಕು. ಕ್ಯಾಮೆರಾ ಹಿಂದ ಇರೂದು ತಗದ್ ಬಿಡು.

ಎಲಿವೇಷನ್_ಹುಡುಗ:
ಆತು ಈಗ. ಒಣ ಹಳದಿನೂ ಸ್ವಲ್ಪ ಕಲಸಿ ಕಳಸಿದೆ, ಮಾಲಕರ ಫೋನ್ ಬಂತು, "ಲಾನ್ ಮಸ್ತ್ ಅದ, ಆದ್ರ ನೀರ್ ಹಾಕಿಲ್ಲೇನು, ಸ್ವಲ್ಪ ಹಸಿರ್ ಮಾಡು" ಅಂತ.