ಗ್ರಂಥಾಲಯ ಸಪ್ತಾಹದಲ್ಲಿ ಪ್ರದರ್ಶನ, ತೊಗಲುಗೊಂಬೆಯಾಟ, ಮಕ್ಕಳ ಕಾರ್ಯಕ್ರಮ: ಓದುವವರಿಗೆ ತೊಂದರೆಯಾಗದಂತೆ ನಡೆಸುವುದು ಹೇಗೆ?

ಪ್ರಶ್ನೆ
(ಗ್ರಂಥಾಲಯದ ಓದುಗರ ಬಳಗದ ಸದಸ್ಯೆ, ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವನ್ನು ನಮ್ಮ ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದಲ್ಲಿ ಈ ಬಾರಿ ಊರಿನವರು ಮನೆಮಂದಿಯೊಡನೆ ಬಂದುಹೋಗುವಂತೆ ಆಚರಿಸಬೇಕೆಂದು ಗ್ರಂಥಪಾಲಕರೂ ನಾವು ಐದಾರು ಮಂದಿ ಓದುಗರೂ ಸೇರಿ ತೀರ್ಮಾನಿಸಿದ್ದೇವೆ. ಇದುವರೆಗೆ ದೀಪ ಬೆಳಗುವುದು, ಎರಡು ಭಾಷಣ, ಹಾರ ತುರಾಯಿ, ಕೊನೆಗೆ ಚಹಾ, ಇಷ್ಟರಲ್ಲೇ ಸಪ್ತಾಹ ಮುಗಿಯುತ್ತಿತ್ತು; ಬಂದವರಲ್ಲಿ ಮಕ್ಕಳು ಇರುತ್ತಲೇ ಇರಲಿಲ್ಲ, ಇದ್ದರೂ ಶಾಲೆಯಿಂದ ಸಾಲಾಗಿ ಕರೆತಂದು ಕೂರಿಸಿದವರು.

ಈಗ ನಾವು ಯೋಚಿಸಿರುವುದು ಹೀಗಿದೆ. ವಾರವಿಡೀ ಕನ್ನಡ ಮುದ್ರಣದ ಬಗ್ಗೆಯೂ ನಮ್ಮ ಊರಿನ ಹಳೆಯ ಕಾಗದಪತ್ರಗಳ ಬಗ್ಗೆಯೂ ಒಂದು ಪ್ರದರ್ಶನ. 14ನೇ ತಾರೀಕು ಮಕ್ಕಳ ದಿನವೂ ಆಗಿರುವುದರಿಂದ ಅಂದು ಬೆಳಿಗ್ಗೆ ಕಥೆ ಹೇಳುವ ಕಾರ್ಯಕ್ರಮ. ನಡುವೆ ಒಂದು ಸಂಜೆ ತೊಗಲುಗೊಂಬೆಯಾಟ. ಕೊನೆಯ ಸಂಜೆ ಗಮಕ ವಾಚನ, ಅಂದರೆ ಹಳೆಯ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವುದು. ನಮಗಿರುವುದು ಒಂದು ದೊಡ್ಡ ವಾಚನಾಲಯ, ಒಂದು ಚಿಕ್ಕ ಮಕ್ಕಳ ಕೋಣೆ, ಮುಂದಿನ ಜಗುಲಿ ಮತ್ತು ಹೊಂಗೆ ಮರವಿರುವ ಅಂಗಳ.

ಆದರೆ ವಾಚನಾಲಯದಲ್ಲಿ ದಿನವೂ ಮೂವತ್ತು ನಲವತ್ತು ಮಂದಿ ಯುವಕ ಯುವತಿಯರು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಾರೆ. ನಮ್ಮ ಸಭೆ ಮುಗಿಯುತ್ತಿದ್ದಂತೆ ಅವರಲ್ಲೊಬ್ಬ ಹುಡುಗ ಬಂದು, “ಅಕ್ಕಾ, ಆ ವಾರ ನಾವು ಎಲ್ಲಿ ಕೂತ್ಕೋಬೇಕು?” ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಕಾರ್ಯಕ್ರಮಗಳನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ: ಓದುವವರ ಜಾಗವನ್ನು ಕಿತ್ತುಕೊಳ್ಳದೆ ಇವೆಲ್ಲವನ್ನೂ ಹೇಗೆ ಹೊಂದಿಸಬಹುದು? ಊರಿನವರ ಮನೆಗಳಿಂದ ತಂದ ಹಳೆಯ ವಸ್ತುಗಳನ್ನು ಹೇಗೆ ಕಾಪಾಡಬೇಕು?

ಉತ್ತರ 1
(ನಿವೃತ್ತ ಗ್ರಂಥಪಾಲಕ, ಮೈಸೂರು)

ಮೊದಲು ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಿ, ಉಳಿದದ್ದೆಲ್ಲ ಅದರಿಂದಲೇ ಹೊಂದಿಕೊಳ್ಳುತ್ತದೆ. ವಾಚನಾಲಯದ ಒಂದು ಮೇಜನ್ನೂ ಕದಲಿಸಬೇಡಿ. ನಾನು ಸೇವೆಯಲ್ಲಿದ್ದಾಗ ಒಂದು ವರ್ಷ ವೇದಿಕೆಗಾಗಿ ಎಲ್ಲ ಮೇಜುಗಳನ್ನೂ ಗೋಡೆಗೆ ಒತ್ತರಿಸಿದ್ದೆ. ಪ್ರತಿದಿನ ಬೆಳಿಗ್ಗೆ ಪತ್ರಿಕೆ ಓದಲು ಬರುತ್ತಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನೋಡಿ, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆ ವಾರವಿಡೀ ಅವರು ಬರಲಿಲ್ಲ. ಕಾರ್ಯಕ್ರಮ ಚೆನ್ನಾಯಿತೆಂದು ಎಲ್ಲರೂ ಹೊಗಳಿದರು, ನನಗೆ ಮಾತ್ರ ಆ ಚಪ್ಪಲಿಯ ಸದ್ದು ಇಂದಿಗೂ ಕೇಳಿಸುತ್ತದೆ.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1915ರಲ್ಲಿ ಕಟ್ಟಿದ, ಶೇಷಾದ್ರಿ ಅಯ್ಯರ್ ಅವರ ಸ್ಮರಣೆಯ ಕೆಂಪು ಕಟ್ಟಡದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದ್ದರೆ, ಮಕ್ಕಳಿಗಾಗಿ ಅದೇ ಉದ್ಯಾನದಲ್ಲಿ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ಬೇರೆಯೇ ಇದೆ. ಮಕ್ಕಳು ಮಕ್ಕಳಂತೆ ಇರಲು, ಓದುವವರು ಓದಲು ಎರಡಕ್ಕೂ ಅವಕಾಶ. ನಿಮಗೆ ಎರಡು ಕಟ್ಟಡಗಳಿಲ್ಲದಿದ್ದರೂ ಅಂಗಳವಿದೆ. ಕಥೆ, ಗೊಂಬೆಯಾಟ, ಗಮಕ ಮೂರನ್ನೂ ಅಂಗಳದಲ್ಲಿ ನಡೆಸಿ, ಪ್ರದರ್ಶನವನ್ನು ಜಗುಲಿಯಲ್ಲೂ ಮಕ್ಕಳ ಕೋಣೆಯಲ್ಲೂ ಇಡಿ. ಧ್ವನಿವರ್ಧಕ ಬೇಕೇ ಬೇಕೆನಿಸಿದರೆ ಒಂದೇ ಒಂದು ಇರಲಿ, ಅದರ ಮುಖ ಕಿಟಕಿಗಳ ಕಡೆಗಿರದೆ ರಸ್ತೆಯ ಕಡೆಗಿರಲಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಕಾರ್ಯಕ್ರಮದ ಹೊತ್ತಿನಲ್ಲಿ ಪುಸ್ತಕ ಎರವಲು ಕೊಡುವ ಕೌಂಟರ್ ತೆರೆದೇ ಇರಬೇಕು. ನಾವು ಮಾಡುವ ದೊಡ್ಡ ತಪ್ಪೆಂದರೆ, ಸಿಬ್ಬಂದಿಯೆಲ್ಲ ಕುರ್ಚಿ ಹಾಕುವುದರಲ್ಲಿ, ಅತಿಥಿಗಳನ್ನು ನೋಡಿಕೊಳ್ಳುವುದರಲ್ಲಿ ಮುಳುಗಿರುವಾಗ, ಕಥೆ ಕೇಳಿ ಕಣ್ಣರಳಿಸಿಕೊಂಡು ಬಂದ ಮಗುವಿಗೆ “ಇವತ್ತು ಪುಸ್ತಕ ಕೊಡೋದಿಲ್ಲ, ನಾಳೆ ಬಾ” ಎಂದು ಹೇಳಿ ಕಳಿಸುವುದು. ಆ ಮಗು ನಾಳೆ ಬರುವುದಿಲ್ಲ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಸೂತ್ರವಾಗಿ ಹೇಳಿದ್ದಾರೆ. ಓದುಗ ತಾನಾಗಿ ಅಂಗಳಕ್ಕೆ ಬಂದಿರುವಾಗ ನಾವು ಬೀರುವಿಗೆ ಬೀಗ ಹಾಕಿಕೊಂಡಿರಬಾರದು. ಸದಸ್ಯತ್ವದ ಅರ್ಜಿಗಳನ್ನು ಸಿದ್ಧವಾಗಿಟ್ಟುಕೊಳ್ಳಿ, ವಿಳಾಸದ ದಾಖಲೆಯ ಪ್ರತಿ, ಭಾವಚಿತ್ರ ಏನೇನು ಬೇಕೆಂಬುದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಿ. ಇಲ್ಲದಿದ್ದರೆ ಬಂದವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಾರೆ.

ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಊರಿನವರು ಕಟ್ಟುತ್ತಾರೆ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯೇ ಅದಕ್ಕೆ ಆಧಾರ ಎಂಬ ಮಾತನ್ನೂ ಕರಪತ್ರದಲ್ಲಿ ಸೇರಿಸಿದರೆ ಒಳ್ಳೆಯದು. ಗ್ರಂಥಾಲಯ ತಮ್ಮದೆಂದು ತಿಳಿದ ಮೇಲೆ ಜನ ಒಳಗೆ ಬರಲು ಸಂಕೋಚಪಡುವುದಿಲ್ಲ.

ಉತ್ತರ 2
(ಹಿಂದೆ ಅಚ್ಚುಕೂಟ ನಡೆಸುತ್ತಿದ್ದವರು, ಹಾಸನ)

ಮೇಡಂ, ಮುದ್ರಣದ ಪ್ರದರ್ಶನವೆಂದ ಕೂಡಲೇ ಎಲ್ಲರೂ 1843ರ ಜುಲೈ 1ರಂದು ಹೊರಬಂದ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ದಿಂದ, ಅದರ ಸಂಪಾದಕ ಹರ್ಮನ್ ಮೊಗ್ಲಿಂಗ್ ಅವರಿಂದ, 1894ರ ಕಿಟೆಲ್ ನಿಘಂಟಿನಿಂದ ಆರಂಭಿಸುತ್ತಾರೆ. ಅವು ಇರಲೇಬೇಕು, ಒಂದು ಹಲಗೆ ಸಾಕು. ಆ ಪತ್ರಿಕೆ ಮೊದಲು ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ವಿಧಾನದಲ್ಲಿ) ಮುದ್ರಣವಾಯಿತು ಎಂದು ಬರೆದರೆ ಕಲ್ಲಚ್ಚು ಅಂದರೇನು ಎಂದು ಮಕ್ಕಳೇ ಕೇಳುತ್ತಾರೆ. ಉಳಿದ ಜಾಗವನ್ನು ನಿಮ್ಮ ಊರಿಗೆ ಕೊಡಿ. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕಂಪನಿ ನಾಟಕದ ಹ್ಯಾಂಡ್‌ಬಿಲ್ಲು, ಶಾಲೆಯ ಅಂಕಪಟ್ಟಿ, ಸಹಕಾರ ಸಂಘದ ರಸೀದಿ: ಇವನ್ನು ನೋಡಿದಾಗ ಅಜ್ಜಿಯಂದಿರು ಮೊಮ್ಮಕ್ಕಳಿಗೆ ತಾವಾಗಿಯೇ ವಿವರಿಸತೊಡಗುತ್ತಾರೆ.

ನಿಮ್ಮ ಊರಿನಲ್ಲಿ ಮುಚ್ಚಿಹೋದ ಅಚ್ಚುಕೂಟ ಇದ್ದೇ ಇರುತ್ತದೆ. ಅಲ್ಲಿಂದ ಒಂದು ಕೇಸು ಮೊಳೆಗಳನ್ನೂ (ಅಚ್ಚಿನ ಬಿಡಿ ಅಕ್ಷರಗಳನ್ನೂ), ಮೊಳೆ ಜೋಡಿಸಿ ಅನುಭವವಿರುವ ಒಬ್ಬರನ್ನೂ ಕರೆತನ್ನಿ. ಹಿಂದೆ ಒಂದು ಶಾಲೆಯಲ್ಲಿ ನಾನು ಹೀಗೆ ಮಾಡಿದ್ದೆ. ಲಕ್ಷ್ಮಿ ಎಂಬ ಹುಡುಗಿ ತನ್ನ ಹೆಸರನ್ನು ಅಚ್ಚು ಹಾಕಿಕೊಡಿ ಎಂದಳು. ನಾನು ಮೊಳೆಗಳನ್ನು ಒಂದೊಂದಾಗಿ ಆರಿಸಿ, ಮೊಳೆ ಜೋಡಿಸುವ ಸ್ಟಿಕ್ಕಿನಲ್ಲಿ ನಿಲ್ಲಿಸುತ್ತಾ ಹೋದಂತೆ ಅವಳು ಮೂಗು ತಾಗುವಷ್ಟು ಬಗ್ಗಿ ನೋಡಿ, “ಎಲ್ಲಾ ಉಲ್ಟಾ ಇದೆ” ಎಂದಳು. ಮಸಿಯ ರೋಲರ್ ಎಳೆದು, ಕಾಗದವಿಟ್ಟು, ಅಂಗೈಯಿಂದ ಒತ್ತಿ ಎತ್ತಿದೆ. ಹೆಸರು ನೆಟ್ಟಗೆ ಬಂದಿತ್ತು. ಅವಳ ಹಿಂದೆ ನಿಂತಿದ್ದವರೆಲ್ಲ ಆಮೇಲೆ ಸರದಿಯ ಸಾಲಾದರು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮೊಳೆಗಳಲ್ಲಿರುವುದು ಸೀಸ. ತೀರಾ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದವರು ಸಾಬೂನಿನಿಂದ ಕೈ ತೊಳೆದ ಮೇಲೆಯೇ ಚುರುಮುರಿ ಇರುವ ಕಡೆಗೆ ಹೋಗಲಿ.

ಮನೆಗಳಿಂದ ತಂದ ಕಾಗದಗಳ ವಿಷಯ. ಹರಿದದ್ದನ್ನು ಸೆಲೋಟೇಪಿನಿಂದ ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಲೇಬೇಡಿ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದಾಗಿ ಅಕ್ಷರಗಳನ್ನೇ ನುಂಗುತ್ತದೆ, ಲ್ಯಾಮಿನೇಷನ್ ಮಾಡಿದ್ದನ್ನು ಮತ್ತೆ ಬಿಡಿಸಲಾಗದು. ಒಳ್ಳೆಯ ಬಣ್ಣದ ಪ್ರತಿ ತೆಗೆಸಿ ಅದನ್ನು ಹಲಗೆಗೆ ಹಚ್ಚಿ, ಮೂಲವನ್ನು ಬಿಸಿಲು ಬೀಳದ ಕಡೆ ಗಾಜಿನ ಪೆಟ್ಟಿಗೆಯಲ್ಲಿಡಿ. ಯಾರಾದರೂ ಓಲೆಗರಿ ಕೊಟ್ಟರೆ ದಾರ ಬಿಚ್ಚಿ ಹರಡುವ ಆಸೆಗೆ ಬೀಳದೆ, ಕಟ್ಟಿದ್ದು ಕಟ್ಟಿದಂತೆಯೇ ಇಡಿ. ತಂದುಕೊಟ್ಟ ಪ್ರತಿಯೊಂದು ವಸ್ತುವಿನ ಫೋಟೋ ಅವರೆದುರೇ ತೆಗೆದು, ಎರಡು ಪ್ರತಿ ರಸೀದಿ ಬರೆದು, ಒಂದನ್ನು ಅವರಿಗೆ ಕೊಟ್ಟರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಉತ್ತರ 3
(ಪ್ರಾಥಮಿಕ ಶಾಲಾ ಶಿಕ್ಷಕಿ, ಕೊಪ್ಪಳ)

ತೊಗಲುಗೊಂಬೆಯಾಟವನ್ನು ನಮ್ಮ ಶಾಲೆಯಲ್ಲಿ ಮಾಡಿಸಿದ ಅನುಭವದಿಂದ ಬರೆಯುತ್ತಿದ್ದೇನೆ. ಆಟಕ್ಕೆ ಮೊದಲು ಬೇಕಾಗುವುದು ಕತ್ತಲೆ. ನವೆಂಬರಿನಲ್ಲಿ ಸಂಜೆ ಆರಕ್ಕೇ ಹೊತ್ತು ಮುಳುಗಿರುತ್ತದೆ, ಹಾಗಾಗಿ ಆರೂವರೆಗೆ ಆರಂಭಿಸಬಹುದು; ಅಂಗಳದ ಮೇಲೆ ಬೀದಿದೀಪದ ಬೆಳಕು ಬೀಳುತ್ತದೆಯೇ ಎಂದು ಹಿಂದಿನ ದಿನವೇ ಹೋಗಿ ನೋಡಿ. ಆ ದಿನಗಳಲ್ಲಿ ಹಿಂಗಾರು ಮಳೆ ಬಂದರೂ ಬರಬಹುದು. ತೊಗಲು ನೆನೆದರೆ ಗೊಂಬೆ ಮುದುಡುತ್ತದೆ, ಬಣ್ಣವೂ ಹೋಗುತ್ತದೆ. ಆದ್ದರಿಂದ ಪರದೆಯನ್ನು ಜಗುಲಿಯ ಮೇಲೆ ಸೂರಿನ ಕೆಳಗೇ ಕಟ್ಟಿ, ಜನ ಅಂಗಳದಲ್ಲಿ ಕೂರಲಿ.

ಹಳ್ಳಿಗಳಲ್ಲಿ ಆಟ ಬೆಳತನಕ ನಡೆಯುವುದು ರೂಢಿ. ಚಿಕ್ಕ ಮಕ್ಕಳಿಗಾಗಿ ಒಂದು ಗಂಟೆಯ ಪ್ರಸಂಗ ಬೇಕೆಂದು ಮೇಳದ ಹಿರಿಯರೊಡನೆ ಕೂತು ಮಾತಾಡಿ, ಯಾವುದನ್ನು ಬಿಡುವುದು ಯಾವುದನ್ನು ಇಡುವುದು ಎಂಬುದನ್ನು ಅವರಿಗೇ ಬಿಡಿ. ಆಟದ ಹಾಸ್ಯ ಪಾತ್ರಗಳಾದ ಕಿಳ್ಳೇಕ್ಯಾತ, ಬಂಗಾರಕ್ಕನ ಹಾಸ್ಯ ಮಾತ್ರ ಖಂಡಿತ ಇರಲಿ. ಸಂಭಾವನೆಯನ್ನು ಮೊದಲೇ ಮಾತಾಡಿ, ಪ್ರಯಾಣದ ಖರ್ಚು ಊಟ ವಸತಿ ಬೇರೆಯಾಗಿ ಕೊಡಬೇಕು. ಶಾಲು ಹೊದಿಸಿ ಕಳಿಸಿದರೆ ಆ ಮನೆತನಗಳ ಹೊಟ್ಟೆ ತುಂಬುವುದಿಲ್ಲ. ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಆ ಗೌರವ ಸಣ್ಣಪುಟ್ಟ ಮೇಳಗಳ ಕೈಗೆ ಹಣವಾಗಿಯೂ ತಲುಪಬೇಕು.

ಆಟ ಮುಗಿದೊಡನೆ ಮಕ್ಕಳನ್ನು ಪರದೆಯ ಹಿಂದಕ್ಕೆ ಬಿಡಿಸಿ. ನಮ್ಮ ಶಾಲೆಯಲ್ಲಿ ಮೇಳದ ಅಜ್ಜ ಒಂದು ಗೊಂಬೆಯನ್ನು ದೀಪಕ್ಕೆ ಹಿಡಿದು ತೋರಿಸಿದರು. ಒಡವೆಗಳಿರುವ ಕಡೆಯೆಲ್ಲ ತೊಗಲಿನಲ್ಲಿ ಸಣ್ಣ ಸಣ್ಣ ತೂತುಗಳನ್ನು ಕೊರೆದಿದ್ದರು, ಆ ತೂತುಗಳಿಂದ ಬಂದ ಬೆಳಕು ಒಬ್ಬ ಹುಡುಗನ ಅಂಗಿಯ ಮೇಲೆ ಚುಕ್ಕೆಗಳಾಗಿ ಬಿತ್ತು. ಅವನು ಅಲುಗಾಡದೆ ನಿಂತುಬಿಟ್ಟ. ಆಡಿದ ಪ್ರಸಂಗದ ಕಥೆಯಿರುವ ಮಕ್ಕಳ ಪುಸ್ತಕಗಳು ಅಂಥ ಹೊತ್ತಿನಲ್ಲಿ ಪಕ್ಕದ ಮೇಜಿನ ಮೇಲಿರಬೇಕು. ಮೇಲಿನ ಸರ್ ಹೇಳಿದ ಕೌಂಟರಿನ ಮಾತನ್ನು ನಾನೂ ಒಪ್ಪುತ್ತೇನೆ.

ಗಮಕದ ಬಗ್ಗೆ ಒಂದೇ ಮಾತು. ಅಂದು ಓದುವ ಷಟ್ಪದಿಗಳನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿ. ವಾಚಕರು ಹಾಡುತ್ತಿರುವಾಗ ಬೆರಳಿಟ್ಟು ಸಾಲು ಹಿಡಿದು ಹೋಗುವ ಮಕ್ಕಳಿಗೆ, ವ್ಯಾಖ್ಯಾನಕಾರರು ಅರ್ಥ ಬಿಡಿಸತೊಡಗಿದಾಗ ಹಳಗನ್ನಡ ನಡುಗನ್ನಡಗಳ ಭಯ ತಾನಾಗಿ ಕಡಿಮೆಯಾಗುತ್ತದೆ.

ಉತ್ತರ 4
(ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು, ಚಿತ್ರದುರ್ಗ)

ನಮ್ಮ ಪರವಾಗಿ ಕೇಳಿದ್ದಕ್ಕೆ ಧನ್ಯವಾದ, ಅಕ್ಕ. ಬಾಡಿಗೆ ಕೋಣೆಯಲ್ಲಿ ನಾವು ನಾಲ್ವರಿದ್ದೇವೆ, ಒಬ್ಬ ಮಲಗಿದರೆ ಇನ್ನೊಬ್ಬ ದೀಪ ಹಾಕುವಂತಿಲ್ಲ. ಗ್ರಂಥಾಲಯದ ಆ ಒಂದು ಕುರ್ಚಿಯೇ ನಮಗೆ ಓದುವ ಮನೆ. ಹಾಗೆಂದು ಕಾರ್ಯಕ್ರಮ ಬೇಡವೆಂದು ನಾವು ಯಾರೂ ಹೇಳುವುದಿಲ್ಲ. ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸದ್ದಿರುತ್ತದೆ ಎಂಬುದನ್ನು ಹತ್ತು ದಿನ ಮುಂಚೆ ಸೂಚನಾ ಫಲಕದಲ್ಲಿ ಬರೆದು, ಅದನ್ನು ತಪ್ಪದೆ ಪಾಲಿಸಿದರೆ ಸಾಕು. ಆ ಹೊತ್ತಿಗೆ ನಾವು ಲೆಕ್ಕ ಬಿಡಿಸುವ ಕೆಲಸ ಇಟ್ಟುಕೊಳ್ಳುತ್ತೇವೆ, ಕಂಠಪಾಠದ್ದನ್ನು ಬೆಳಿಗ್ಗೆ ಮುಗಿಸುತ್ತೇವೆ. ಸಂಜೆಯ ಕಾರ್ಯಕ್ರಮದಿಂದ ಮುಚ್ಚುವ ಸಮಯ ಮುಂದೆ ಹೋಗುವುದಾದರೆ ವಾಚನಾಲಯವನ್ನೂ ಅಷ್ಟು ಹೊತ್ತು ತೆರೆದಿಡಿ. ಕುರ್ಚಿ ಹಾಕಲು, ಚಿಕ್ಕ ಮಕ್ಕಳನ್ನು ರಸ್ತೆ ದಾಟಿಸಲು ಸರದಿಯಂತೆ ಇಬ್ಬರು ಮೂವರು ಬರುವುದಕ್ಕೆ ಯಾರೂ ಇಲ್ಲವೆನ್ನುವುದಿಲ್ಲ, ಕೇಳಿ ನೋಡಿ.

ಪ್ರಶ್ನೆ ಕೇಳಿದವರ ಮರುನುಡಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ನಿನ್ನೆ ಸಂಜೆ ನಾವು ಮತ್ತೆ ಸೇರಿದೆವು. ವಾಚನಾಲಯದ ಮೇಜುಗಳನ್ನು ಮುಟ್ಟುವುದಿಲ್ಲ, ಗೊಂಬೆಯಾಟದ ಸಂಜೆಯೂ ಗಮಕದ ಸಂಜೆಯೂ ಕೌಂಟರ್ ಮತ್ತು ವಾಚನಾಲಯ ಎರಡೂ ತೆರೆದಿರುತ್ತವೆ ಎಂದು ಗ್ರಂಥಪಾಲಕರು ಒಪ್ಪಿದ್ದಾರೆ. ಸಂತೆಬೀದಿಯಲ್ಲಿ ಅಚ್ಚುಕೂಟ ನಡೆಸುತ್ತಿದ್ದ ಹಿರಿಯರೊಬ್ಬರ ಮನೆಯ ಅಟ್ಟದ ಮೇಲೆ ಎರಡು ಕೇಸು ಮೊಳೆಗಳಿವೆಯಂತೆ, ಭಾನುವಾರ ಹೋಗಿ ನೋಡುತ್ತೇವೆ. ಶಾಲುಗಳಿಗೆಂದು ಎತ್ತಿಟ್ಟಿದ್ದ ಹಣವನ್ನು ಗೊಂಬೆಯಾಟದ ಮೇಳದ ಸಂಭಾವನೆಗೆ ಸೇರಿಸಿದ್ದೇವೆ.

ಆ ಹುಡುಗನಿಗೆ, “ನೀನು ದಿನಾ ಕೂರೋ ಜಾಗದಲ್ಲೇ ಕೂತ್ಕೋ” ಎಂದು ಹೇಳಿದೆ. ವೇಳಾಪಟ್ಟಿಯನ್ನು ಫಲಕದ ಮೇಲೆ ತಾನೇ ಬರೆಯುತ್ತೇನೆಂದ, ಅವನ ಅಕ್ಷರ ಚೆನ್ನಾಗಿದೆ.