ಡಯಾಬಿಟಿಸ್ ಇನ್ಸಿಪಿಡಸ್ ಇದ್ರೆ ಹೆರಿಗೆ ನೋವು ತಾನಾಗೇ ಬರುತ್ತಾ?

ಪ್ರಶ್ನೆ:
ನಮ್ಮಕ್ಕಂಗೆ ಈಗ 8 ತಿಂಗ್ಳು. ಮದುವೆಗೆ ಮುಂಚಿಂದಾನೂ ಡಯಾಬಿಟಿಸ್ ಇನ್ಸಿಪಿಡಸ್ ಇದೆ, ಸಕ್ಕರೆ ಕಾಯಿಲೆ ಅಲ್ಲ ಇದು, ಮೈಯಲ್ಲಿ ನೀರು ಹಿಡಿದಿಡೋ ವ್ಯಾಸೋಪ್ರೆಸಿನ್ ಹಾರ್ಮೋನ್ ಸಾಲಲ್ಲ, ಅದಕ್ಕೆ ದಾಹ ತೀರೋದೇ ಇಲ್ಲ, ಮೂತ್ರ ನಿಲ್ಲೋದೂ ಇಲ್ಲ. ಆ ಹಾರ್ಮೋನ್ ಬದಲಿಗೆ ಡೆಸ್ಮೋಪ್ರೆಸಿನ್ ಮಾತ್ರೆ ತಗೋತಾಳೆ. ವ್ಯಾಸೋಪ್ರೆಸಿನ್ ಬರೋದು ಮಿದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿಯಿಂದ, ನೋವು ಬರ್ಸೋ ಆಕ್ಸಿಟೋಸಿನ್ ಹಾರ್ಮೋನೂ ಅಲ್ಲಿಂದಾನೇ ಬರೋದು ಅಂತ ಎಲ್ಲೋ ಓದಿ ಈಗ ರಾತ್ರಿಯೆಲ್ಲ ನಿದ್ದೆ ಇಲ್ಲ ಅವ್ಳಿಗೆ. ನೋವು ಬರುತ್ತಾ, ಎದೆಹಾಲು ಬರುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ 1:
ನಂಗೂ ಇದೇ ಇದೆ, ಮಗುಗೆ ಈಗ 3 ವರ್ಷ. ನೋವು ತಾನಾಗೇ ಬಂತು, ಹಾಲೂ ಚೆನ್ನಾಗಾಯ್ತು. ಕಷ್ಟ ಆಗಿದ್ದು ಲೇಬರ್ ವಾರ್ಡಲ್ಲಿ. ಡಯಾಬಿಟಿಸ್ ಅಂತ ಓದಿ ಸಕ್ಕರೆ ಚೆಕ್ ಮಾಡಿ ನಾರ್ಮಲ್ ಇದೆಯಲ್ಲ ಅಂದ್ರು, ನೀರು ಕುಡೀಬೇಡಿ ಅಂದ್ರು, ಮಾತ್ರೆ ಬ್ಯಾಗಲ್ಲೇ ಉಳೀತು, ನಾಲಿಗೆ ಅಂಗಳಕ್ಕೆ ಅಂಟ್ಕೊಂಡು ಮಾತೇ ಹೊರಡ್ತಿರ್ಲಿಲ್ಲ. ಅಮ್ಮ ಎಂಡೋಕ್ರೈನ್ (ಹಾರ್ಮೋನ್) ಡಾಕ್ಟರ್ ಚೀಟಿ ಹುಡುಕಿ ತೋರ್ಸಿದ್ಮೇಲೇ ಡ್ರಿಪ್ ಹಾಕಿ ಮಾತ್ರೆ ಕೊಟ್ಟಿದ್ದು. ಆ ಚೀಟಿ ಫೈಲಿನ ಮೊದಲ್ನೇ ಹಾಳೆ ಆಗಿರ್ಲಿ.

ಉತ್ತರ 2:
ನಾನು ಹೆರಿಗೆ ವಾರ್ಡಲ್ಲಿ ನರ್ಸ್. ಅಕ್ಕ ಓದಿದ್ದು ತಪ್ಪಲ್ಲ, ಎರಡೂ ಹಾರ್ಮೋನ್ ಮಿದುಳಿನ ಹೈಪೋಥಲಾಮಸ್ ಅನ್ನೋ ಭಾಗದಲ್ಲಿ ತಯಾರಾಗಿ ಹಿಂದಿನ ಪಿಟ್ಯುಟರೀಲಿ ಶೇಖರ ಆಗೋದು, ಎರಡಕ್ಕೂ 9 ಅಮೈನೋ ಆಸಿಡ್, ವ್ಯತ್ಯಾಸ 2ರಲ್ಲಿ ಮಾತ್ರ. ಆದ್ರೆ ಗರ್ಭಕೋಶದ ಒಳಪದರಾನೂ ಆಕ್ಸಿಟೋಸಿನ್ ಮಾಡುತ್ತೆ, ದಿನ ತುಂಬ್ತಾ ಬಂದಂಗೆ ಅದನ್ನ ಹಿಡಿಯೋ ರಿಸೆಪ್ಟರ್‌ಗಳು ಗರ್ಭಕೋಶದಲ್ಲಿ ತುಂಬಾ ಹೆಚ್ಚಾಗ್ತವೆ, ನೋವು ಬರ್ಸೋಕೆ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಬೇರೆ ಇದೆ. ಹಾಗಾಗಿ ಈ ಕಾಯಿಲೆ ಇರೋರಿಗೂ ಸಾಮಾನ್ಯವಾಗಿ ನೋವು ತಾನಾಗೇ ಬರುತ್ತೆ. ಹುಷಾರಾಗಿರ್ಬೇಕಾದ್ದು ನೋವು ಬರ್ಸೋ ಡ್ರಿಪ್ ಹಾಕ್ದಾಗ. ಆಕ್ಸಿಟೋಸಿನ್ ಡೋಸ್ ಜಾಸ್ತಿ ಆದ್ರೆ ಅದೂ ವ್ಯಾಸೋಪ್ರೆಸಿನ್ ಥರಾನೇ ನೀರು ಹಿಡಿದಿಡುತ್ತೆ, ಜೊತೆಗೆ ಡೆಸ್ಮೋಪ್ರೆಸಿನ್, ಮೇಲಿಂದ ಬಾಟಲಿ ಬಾಟಲಿ ಗ್ಲೂಕೋಸ್ ಹೋದ್ರೆ ಸೋಡಿಯಂ ಇಳಿದು ಫಿಟ್ಸ್ ಬರ್ಬಹುದು. ಸೋಡಿಯಂ ಮತ್ತೆ ಮತ್ತೆ ನೋಡಿ, ಎಷ್ಟು ನೀರು ಒಳಗೆ ಹೋಯ್ತು ಎಷ್ಟು ಹೊರಗೆ ಬಂತು ಬರೆದಿಡಿ ಅಂತ ಮೊದಲೇ ಕೇಳ್ಕೊಳಿ.

ಪ್ರಶ್ನೆ ಕೇಳಿದವರು:
ಇದನ್ನ ಓದಿ ಹೇಳ್ದೆ, ಅತ್ತೇಬಿಟ್ಲು. 6ನೇ ತಿಂಗಳಲ್ಲಿ ಡೋಸ್ ಏರ್ಸಿದಾರೆ, ಹೆರಿಗೆ ಆದ್ಮೇಲೂ ಅಷ್ಟೇ ಬೇಕಾ?

ಉತ್ತರ 2:
ಮಾಸು ವ್ಯಾಸೋಪ್ರೆಸಿನೇಸ್ ಅನ್ನೋ ಎಂಜೈಮ್ ಬಿಡುತ್ತೆ, ಅದು ಮೈಯಲ್ಲಿ ಉಳಿದಿರೋ ವ್ಯಾಸೋಪ್ರೆಸಿನ್ ಒಡೆಯುತ್ತೆ, ಅದಕ್ಕೇ ಏರ್ಸಿರ್ತಾರೆ. ಮಾಸು ಹೋದ್ಮೇಲೆ ಕೆಲವು ವಾರದಲ್ಲಿ ಎಂಜೈಮೂ ಹೋಗುತ್ತೆ, ಡಾಕ್ಟರ್ ನೋಡಿ ಇಳಿಸ್ತಾರೆ. ತಲೆನೋವು, ವಾಂತಿ, ಮಂಕು ಬಂದ್ರೆ ಬಾಣಂತಿ ಸುಸ್ತು ಅಂತ ಬಿಡ್ಬೇಡಿ, ಅವತ್ತೇ ಸೋಡಿಯಂ ಮಾಡ್ಸಿ.

ಉತ್ತರ 1:
ಇನ್ನೊಂದು. ಬಾಣಂತಿಗೆ ನೀರು ಜಾಸ್ತಿ ಕೊಡ್ಬಾರ್ದು ಅಂತ ನಮ್ ಕಡೆ ಅಜ್ಜೀರು ಲೋಟ ಎಣಿಸಿ ಕೊಡ್ತಾರೆ. ಅಕ್ಕನ ವಿಷಯದಲ್ಲಿ ಇದು ಬೇಡವೇ ಬೇಡ, ದಾಹ ಆದಾಗೆಲ್ಲ ಕುಡೀಲಿ. ಅಜ್ಜಿಗೆ ಈಗ್ಲೇ ಕೂರ್ಸಿ ಹೇಳಿ.