ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದ ಮೇಲೆ ಶಸ್ತ್ರಚಿಕಿತ್ಸೆ ಸಾಧ್ಯವೇ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ತಂದೆಯವರಿಗೆ 61 ವರ್ಷ. ದೊಡ್ಡ ಕರುಳಿನ ಗೆಡ್ಡೆಯನ್ನು ಕಳೆದ ವರ್ಷ ತೆಗೆಸಿದ್ದೆವು. ಈಗ ಯಕೃತ್ತಿನ ಬಲಭಾಗದಲ್ಲಿ ನಾಲ್ಕು, ಎಡಭಾಗದಲ್ಲಿ ಒಂದು ಗಂಟು ಕಾಣಿಸಿಕೊಂಡಿದ್ದು, ಬೇರೆಲ್ಲಿಯೂ ಹರಡಿಲ್ಲವೆಂದು ಸಿ.ಟಿ. ವರದಿ ಹೇಳುತ್ತದೆ. ನಾಲ್ಕನೆಯ ಹಂತವಾದ್ದರಿಂದ ಇನ್ನು ಕೀಮೋ ಒಂದೇ ದಾರಿ ಎಂದು ಒಬ್ಬ ವೈದ್ಯರು ಹೇಳಿದರೆ, ಕೀಮೋ ಕೊಟ್ಟು ನೋಡಿ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಇನ್ನೊಬ್ಬರು ಹೇಳಿದ್ದಾರೆ. ಐದು ಗಂಟುಗಳಿದ್ದರೂ ಇದು ಸಾಧ್ಯವೇ? ಕೀಮೋದಲ್ಲಿಯೇ ಅವು ಪೂರ್ತಿ ಕರಗುವವರೆಗೆ ಕಾಯಬಾರದೇ?

ಉತ್ತರ 1 (ಶಸ್ತ್ರವೈದ್ಯ):
ಸ್ಕ್ಯಾನ್ ನೋಡದೆ ತೀರ್ಮಾನ ಹೇಳಲಾರೆ. ಆದರೆ ನಾಲ್ಕನೆಯ ಹಂತ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯನ್ನು ತಳ್ಳಿಹಾಕುವುದು ಈ ಕ್ಯಾನ್ಸರಿನ ಮಟ್ಟಿಗೆ ಸರಿಯಲ್ಲ. ಕರುಳಿನ ರಕ್ತ ಪೋರ್ಟಲ್ ಸಿರೆಯ ಮೂಲಕ ಮೊದಲು ಯಕೃತ್ತಿಗೇ ಬರುವುದರಿಂದ ಕೆಲವರಲ್ಲಿ ರೋಗ ಅಲ್ಲಿಗಷ್ಟೇ ಸೀಮಿತವಾಗಿರುತ್ತದೆ. ಅಂಥವರಲ್ಲಿ ಗಂಟುಗಳನ್ನೆಲ್ಲ ತೆಗೆಯಲು ಸಾಧ್ಯವಾದರೆ ಸುಮಾರು ಶೇ. 40ರಿಂದ 50ರಷ್ಟು ಮಂದಿ ಐದು ವರ್ಷ ದಾಟುತ್ತಾರೆ.

ಹಿಂದೆ ಮೂರಕ್ಕಿಂತ ಹೆಚ್ಚು ಗಂಟುಗಳಿದ್ದರೆ ಕೈಚೆಲ್ಲುತ್ತಿದ್ದರು. ಈಗ ಮುಖ್ಯವಾಗಿ ನೋಡುವುದು ಎಷ್ಟು ಯಕೃತ್ತು ಉಳಿಯುತ್ತದೆ, ಉಳಿದದ್ದಕ್ಕೆ ರಕ್ತ ಬರುವ, ಹೋಗುವ ನಾಳಗಳೂ ಪಿತ್ತನಾಳವೂ ಸರಿಯಾಗಿವೆಯೇ ಎಂಬುದನ್ನು. ಆರೋಗ್ಯವಂತ ಯಕೃತ್ತಾದರೆ ಶೇ. 20ರಿಂದ 25, ದೀರ್ಘಕಾಲ ಕೀಮೋ ಪಡೆದಿದ್ದರೆ ಶೇ. 30ರಷ್ಟಾದರೂ ಉಳಿಯಬೇಕು. ಅಷ್ಟು ಉಳಿಯದಿದ್ದರೆ ಮೊದಲು ಎಡಭಾಗದ ಗಂಟನ್ನು ಮಾತ್ರ ತೆಗೆದು, ಬಲಭಾಗಕ್ಕೆ ಹೋಗುವ ಪೋರ್ಟಲ್ ಸಿರೆಯ ಕವಲನ್ನು ಮುಚ್ಚಿ, ನಾಲ್ಕರಿಂದ ಆರು ವಾರಗಳಲ್ಲಿ ಎಡಭಾಗ ಬೆಳೆದ ಮೇಲೆ ಬಲಭಾಗವನ್ನು ತೆಗೆಯುವ ಕ್ರಮವಿದೆ.

ಗಂಟುಗಳು ಕರಗುವವರೆಗೆ ಕಾಯುವುದನ್ನು ನಾನಂತೂ ಒಪ್ಪುವುದಿಲ್ಲ. ಸ್ಕ್ಯಾನ್‌ನಲ್ಲಿ ಮಾಯವಾದ ಗಂಟಿನ ಜಾಗದಲ್ಲಿ ಅನೇಕ ವೇಳೆ ಜೀವಂತ ಕ್ಯಾನ್ಸರ್ ಕಣಗಳು ಉಳಿದಿರುತ್ತವೆ, ಆದರೆ ಆಪರೇಷನ್ ವೇಳೆ ಆ ಜಾಗವೇ ನಮಗೆ ಸಿಗುವುದಿಲ್ಲ. ಇನ್ನೊಂದು ತೊಂದರೆ ಕೀಮೋ ಔಷಧಿಗಳದು: ಆಕ್ಸಾಲಿಪ್ಲಾಟಿನ್ ಹೆಚ್ಚು ದಿನ ಪಡೆದ ಯಕೃತ್ತು ಹೊಟ್ಟೆ ತೆರೆದಾಗ ನೀಲಿಗಟ್ಟಿದಂತೆ ಕಾಣುತ್ತದೆ, ರಕ್ತಸ್ರಾವವೂ ಹೆಚ್ಚು, ಇರಿನೋಟೆಕಾನ್‌ನಿಂದ ಕೊಬ್ಬು ಸೇರಿ ಉರಿಯೂತವಾಗುತ್ತದೆ. ಆದ್ದರಿಂದ ಎರಡು ಮೂರು ತಿಂಗಳ ಕೀಮೋ ಆದೊಡನೆ ಸ್ಕ್ಯಾನ್ ಮಾಡಿಸಿ, ಯಕೃತ್ತಿನ ಶಸ್ತ್ರವೈದ್ಯರಿರುವ ಟ್ಯೂಮರ್ ಬೋರ್ಡ್‌ನಲ್ಲಿ (ಬೇರೆ ಬೇರೆ ವಿಭಾಗಗಳ ಕ್ಯಾನ್ಸರ್ ತಜ್ಞರು ಒಟ್ಟಾಗಿ ಕೂರುವ ಸಭೆ) ಚರ್ಚೆಯಾಗುವಂತೆ ನೋಡಿಕೊಳ್ಳಿ.

ಉತ್ತರ 2:
ನಮ್ಮ ತಾಯಿಯವರಿಗೂ ಹೀಗೆಯೇ ಎರಡು ಹಂತಗಳಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಕೀಮೋ ಆರಂಭಿಸುವ ಮೊದಲೇ ಯಕೃತ್ತಿನ ಎಂ.ಆರ್.ಐ. ಮಾಡಿಸಿ, ಸಿ.ಡಿ.ಯನ್ನು ಕೇಳಿ ಪಡೆದುಕೊಳ್ಳಿ. ಬರೀ ಮುದ್ರಿತ ವರದಿಯಿಂದ ಎರಡನೆಯ ಅಭಿಪ್ರಾಯ ಕೊಡಲು ಯಾರೂ ಒಪ್ಪುವುದಿಲ್ಲ. ಮುಂದೆ ಮತ್ತೊಂದು ಚಿಕ್ಕ ಗಂಟು ಬಂತು, ಅದನ್ನು ಹೊಟ್ಟೆ ಕೊಯ್ಯದೆ ಸೂಜಿ ತೂರಿಸಿ ಮೈಕ್ರೋವೇವ್ ಶಾಖದಿಂದ ಸುಟ್ಟರು. ರೋಗ ಮರುಕಳಿಸುವುದು ಅಪರೂಪವಲ್ಲವೆಂದು ಮನೆಯವರಿಗೆ ಮೊದಲೇ ತಿಳಿದಿರಲಿ.

ಉತ್ತರ 3:
ಯಕೃತ್ ಕಸಿಯ ಸುದ್ದಿ ಓದಿದ್ದೆ. ಇವರಿಗೆ ಅನ್ವಯಿಸುತ್ತದೆಯೇ?

ಉತ್ತರ 4 (ಶಸ್ತ್ರವೈದ್ಯ):
2024ರಲ್ಲಿ ಪ್ರಕಟವಾದ ಟ್ರಾನ್ಸ್‌ಮೆಟ್ ಅಧ್ಯಯನದಲ್ಲಿ ಕಸಿ ಮತ್ತು ಕೀಮೋ ಎರಡಕ್ಕೂ ನಿಗದಿಯಾದವರಲ್ಲಿ ಐದು ವರ್ಷ ಬದುಕಿದವರು ಸುಮಾರು ಶೇ. 57, ಬರೀ ಕೀಮೋದವರಲ್ಲಿ ಶೇ. 13. ಆದರೆ ಅಲ್ಲಿದ್ದ 94 ಮಂದಿಯೂ ಗಂಟುಗಳನ್ನು ಕತ್ತರಿಸಿ ತೆಗೆಯಲಾಗದ, ಕೀಮೋಗೆ ಚೆನ್ನಾಗಿ ಸ್ಪಂದಿಸಿದ, ಬಹಳ ಸೋಸಿ ಆರಿಸಿದ ರೋಗಿಗಳು. ಇವರಿಗೆ ತೆಗೆಯುವ ಸಾಧ್ಯತೆಯೇ ಇರುವಂತಿದೆ. ಸದ್ಯಕ್ಕೆ ಗೆಡ್ಡೆಯ ಜೀನ್ ಬದಲಾವಣೆಗಳನ್ನು ನೋಡುವ ಆರ್‌ಎಎಸ್, ಬಿಆರ್‌ಎಎಫ್, ಎಂಎಸ್‌ಐ ಪರೀಕ್ಷೆಗಳು ಆಗಿವೆಯೇ ಎಂದು ವಿಚಾರಿಸಿ. ಆಗಿಲ್ಲದಿದ್ದರೆ ಕಳೆದ ವರ್ಷ ತೆಗೆದ ಗೆಡ್ಡೆಯ ಬ್ಲಾಕ್‌ನಿಂದಲೇ (ಲ್ಯಾಬ್‌ನಲ್ಲಿ ಮೇಣದಲ್ಲಿ ಕಾಯ್ದಿಟ್ಟ ತುಣುಕು) ಮಾಡಿಸಬಹುದು.